ಬೇರಿನ ಬುಡದಲ್ಲಿ ಹಾರ್ಮೋನು ತಯಾರಿಸುವ ಬ್ಯಾಕ್ಟೀರಿಯಾ: ರಾಗಿಗೆ ಅಜೋಸ್ಪಿರಿಲಮ್ ಕೊಡುವ ಕ್ರಮ

ಮುಂಗಾರು ಬಿತ್ತನೆ ಹತ್ತಿರವಾದಂತೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಮೂರು ಪ್ರತಿ ವರ್ಷವೂ ತಪ್ಪದೆ ಬರುತ್ತವೆ. ಅಜೋಸ್ಪಿರಿಲಮ್ ಎಂದು ಮಾರುವ ಕಪ್ಪು ಪುಡಿ ಗೊಬ್ಬರವೋ ಹಾರ್ಮೋನೋ? ಅದನ್ನು ಯೂರಿಯಾ ಜೊತೆ ಕಲಸಿ ಎರಚಬಹುದೇ? ಹಾಕಿದರೂ ಏನೂ ವ್ಯತ್ಯಾಸ ಕಾಣಲಿಲ್ಲವಲ್ಲ, ಏಕೆ? ಮೂರಕ್ಕೂ ಉತ್ತರ ಒಂದೇ ಸಂಗತಿಯಲ್ಲಿದೆ. ಪೊಟ್ಟಣದೊಳಗೆ ಇರುವುದು ಹಾರ್ಮೋನು ಅಲ್ಲ, ಹಾರ್ಮೋನು ತಯಾರಿಸಬಲ್ಲ ಜೀವಿ. ಅದು ಜೀವಂತವಾಗಿ ಬೇರನ್ನು ತಲುಪಿ, ಅಲ್ಲಿ ನೆಲೆಯೂರಿದರೆ ಮಾತ್ರ ಕೆಲಸ ಆರಂಭವಾಗುತ್ತದೆ. ಕೆಳಗಿನ ಎಲ್ಲ ಹಂತಗಳೂ ಆ ಜೀವವನ್ನು ಅಂಗಡಿಯಿಂದ ಬೇರಿನ ತುದಿಯವರೆಗೆ ಉಳಿಸಿಕೊಂಡು ಹೋಗುವ ಕ್ರಮಗಳೇ ಆಗಿವೆ. ಉದಾಹರಣೆಗೆ ರಾಗಿಯನ್ನು ತೆಗೆದುಕೊಂಡಿದ್ದೇನೆ. ಜೋಳ, ಸಜ್ಜೆ, ಮೆಕ್ಕೆಜೋಳಗಳಿಗೂ ಕ್ರಮ ಬಹುಪಾಲು ಇದೇ.

ಮೊದಲು ತಿಳಿದಿರಬೇಕಾದದ್ದು

ಬೇರಿನ ಸುತ್ತ ಕೆಲವು ಮಿಲಿಮೀಟರ್ ದಪ್ಪದ ಮಣ್ಣಿನ ಪದರಕ್ಕೆ ಬೇರುವಲಯ ಎನ್ನುತ್ತಾರೆ. ಜರ್ಮನಿಯ ಲೊರೆನ್ಸ್ ಹಿಲ್ಟ್ನರ್ 1904ರಲ್ಲಿ ಇದಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ಗಿಡವು ತಾನು ಎಲೆಯಲ್ಲಿ ತಯಾರಿಸಿದ ಸಕ್ಕರೆ, ಆಮ್ಲ ಮತ್ತು ಅಮೈನೋ ಆಮ್ಲಗಳಲ್ಲಿ ಒಂದು ಪಾಲನ್ನು ಬೇರಿನ ಮೂಲಕ ಹೊರಗೆ ಜಿನುಗಿಸುತ್ತದೆ. ಆ ಆಹಾರಕ್ಕಾಗಿ ಬ್ಯಾಕ್ಟೀರಿಯಾಗಳು ಅಲ್ಲಿ ಮುತ್ತಿಕೊಳ್ಳುತ್ತವೆ. ಹೀಗೆ ಜಿನುಗುವ ವಸ್ತುಗಳಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವೂ ಇದೆ. ಅಜೋಸ್ಪಿರಿಲಮ್ ಇದನ್ನೇ ಮೂಲವಸ್ತುವಾಗಿ ಬಳಸಿ ಇಂಡೋಲ್ ಅಸಿಟಿಕ್ ಆಮ್ಲವನ್ನು, ಅಂದರೆ ಗಿಡವೇ ತನ್ನ ಬೆಳವಣಿಗೆಗೆ ತಯಾರಿಸಿಕೊಳ್ಳುವ ಆಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ಬೇರಿಗೆ ಒದಗಿಸುತ್ತದೆ. ಅದರ ಪ್ರಭಾವದಿಂದ ಪಕ್ಕಬೇರುಗಳು ಹೆಚ್ಚು ಒಡೆಯುತ್ತವೆ, ಬೇರುಗೂದಲು ದಟ್ಟವಾಗುತ್ತದೆ, ನೀರು ಮತ್ತು ಪೋಷಕಾಂಶ ಹೀರುವ ಮೈ ವಿಸ್ತಾರಗೊಳ್ಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಅಂಗಡಿಯಲ್ಲಿ ಇದನ್ನು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಜೈವಿಕ ಗೊಬ್ಬರವೆಂದೇ ಮಾರುತ್ತಾರೆ. ಆ ಗುಣ ಇದಕ್ಕಿರುವುದು ನಿಜ. 1970ರ ದಶಕದಲ್ಲಿ ಬ್ರೆಜಿಲ್‌ನ ವಿಜ್ಞಾನಿ ಯೊಹಾನ್ನಾ ಡೊಬೆರೈನರ್ ಈ ಬ್ಯಾಕ್ಟೀರಿಯಾದತ್ತ ಜಗತ್ತಿನ ಗಮನ ಸೆಳೆದದ್ದು ಆ ಗುಣಕ್ಕಾಗಿಯೇ. ಆದರೆ 1979ರಲ್ಲಿ ಅಮೆರಿಕದ ಸಂಶೋಧಕರು ಸಜ್ಜೆಯ ಸಸಿಗಳ ಮೇಲೆ ಪ್ರಯೋಗ ನಡೆಸಿ, ಈ ಬ್ಯಾಕ್ಟೀರಿಯಾ ಆಕ್ಸಿನ್ ಜೊತೆಗೆ, ಗಿಡದ ಬೇರೆ ಹಾರ್ಮೋನುಗಳಾದ ಜಿಬ್ಬರೆಲಿನ್ ಮತ್ತು ಸೈಟೋಕೈನಿನ್‌ನಂತಹ ವಸ್ತುಗಳನ್ನೂ ತಯಾರಿಸುತ್ತದೆಂದು ತೋರಿಸಿದರು. ಮುಂದೆ 1999ರಲ್ಲಿ ಪ್ರಕಟವಾದ ಗೋಧಿಯ ಪ್ರಯೋಗದಲ್ಲಿ, ಆಕ್ಸಿನ್ ತಯಾರಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡ ತಳಿಯನ್ನು ಬಳಸಿದಾಗ ಬೇರಿನಲ್ಲಿ ಆಗುತ್ತಿದ್ದ ಬದಲಾವಣೆಯೂ ಬಹಳ ತಗ್ಗಿತು. ಏಕದಳ ಬೆಳೆಗಳಲ್ಲಿ ಅಜೋಸ್ಪಿರಿಲಮ್‌ನಿಂದ ಸಿಗುವ ಲಾಭದ ದೊಡ್ಡ ಪಾಲು ಬೇರಿನ ಬೆಳವಣಿಗೆಯಿಂದಲೇ ಬರುತ್ತದೆ ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಆದ್ದರಿಂದ "ಇದನ್ನು ಹಾಕಿದ ಮೇಲೆ ಯೂರಿಯಾ ಬೇಡ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಹಾರ್ಮೋನಿನ ವಿಷಯ ಮಳೆಯಾಶ್ರಿತ ರೈತರಿಗೆ ಮುಖ್ಯವಾದದ್ದು. ಬಾಳೆಕಾಯಿಯನ್ನು ಹಣ್ಣು ಮಾಡುವ ಎಥಿಲೀನ್ ಅನಿಲ ನಿಮಗೆ ಗೊತ್ತಿರುತ್ತದೆ. ಮಣ್ಣು ಒಣಗಿದಾಗ ಅಥವಾ ನೀರು ನಿಂತಾಗ ಗಿಡವೇ ಅದನ್ನು ಹೆಚ್ಚಾಗಿ ತಯಾರಿಸಿಕೊಳ್ಳುತ್ತದೆ, ಆಗ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ಕೆಲವು ಮಣ್ಣಿನ ಬ್ಯಾಕ್ಟೀರಿಯಾಗಳು, ವಿಶೇಷವಾಗಿ ಸ್ಯೂಡೊಮೊನಾಸ್ ಗುಂಪಿನ ಹಲವು ತಳಿಗಳು, ಎಥಿಲೀನ್ ತಯಾರಾಗುವ ಮೊದಲೇ ಅದರ ಕಚ್ಚಾವಸ್ತುವನ್ನು ಒಡೆದು ತಾವೇ ಆಹಾರವಾಗಿ ಬಳಸಿಕೊಳ್ಳುತ್ತವೆ. ಅಂದರೆ ಬ್ಯಾಕ್ಟೀರಿಯಾ ಹಾರ್ಮೋನನ್ನು ಕೊಟ್ಟೂ ನೆರವಾಗಬಹುದು, ಹಾರ್ಮೋನನ್ನು ತಗ್ಗಿಸಿಯೂ ನೆರವಾಗಬಹುದು.

ಬೇಕಾಗುವ ಸಾಮಗ್ರಿ

ಒಂದು ಎಕರೆಗೆ ಕೂರಿಗೆಯಲ್ಲಿ ಬಿತ್ತುವ ಸುಮಾರು 5 ಕೆ.ಜಿ. ರಾಗಿ, 200 ಗ್ರಾಂನ ಒಂದು ಪೊಟ್ಟಣ ಅಜೋಸ್ಪಿರಿಲಮ್, 25 ಗ್ರಾಂ ಬೆಲ್ಲ, ಕಾಲು ಲೀಟರ್ ನೀರು, ಅಗಲವಾದ ಪ್ಲಾಸ್ಟಿಕ್ ಬೋಗುಣಿ ಮತ್ತು ಒಂದು ಶುಚಿಯಾದ ಗೋಣಿತಾಟು. ಮಣ್ಣಿಗೂ ಕೊಡುವುದಾದರೆ ಇನ್ನೂ 2 ಕೆ.ಜಿ. ಪುಡಿ ಮತ್ತು ಚೆನ್ನಾಗಿ ಕಳಿತ 100 ಕೆ.ಜಿ. ಕೊಟ್ಟಿಗೆ ಗೊಬ್ಬರ ಬೇಕು. ಕ್ಲೋರಿನ್ ಬೆರೆಸಿದ ನಲ್ಲಿ ನೀರು ಬಳಸಬೇಡಿ. ಬಾವಿ ಅಥವಾ ಮಳೆ ನೀರು ಉತ್ತಮ. ಅನಿವಾರ್ಯವಾದರೆ ನಲ್ಲಿ ನೀರನ್ನು ಹಿಂದಿನ ರಾತ್ರಿಯೇ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಡಿ.

ಹಂತ 1: ಪೊಟ್ಟಣವನ್ನು ಓದಿ ಕೊಳ್ಳುವುದು

ಜೈವಿಕ ಗೊಬ್ಬರಗಳು 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಯಲ್ಲಿವೆ. ಅದರ ಪ್ರಕಾರ ಪುಡಿ ರೂಪದ ಅಜೋಸ್ಪಿರಿಲಮ್‌ನ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವ ರೂಪದ ಪ್ರತಿ ಮಿಲಿಲೀಟರ್‌ನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಲೇಬಲ್‌ನಲ್ಲಿ ಇದನ್ನು ಸಿ.ಎಫ್.ಯು. ಎಂದು ಬರೆದಿರುತ್ತಾರೆ; ಪ್ರಯೋಗಾಲಯದ ತಟ್ಟೆಯ ಮೇಲೆ ಬೆಳೆದು ಗುಂಪು ಕಟ್ಟಬಲ್ಲ ಜೀವಂತ ಕೋಶಗಳ ಲೆಕ್ಕ ಎಂದು ಅದರ ಅರ್ಥ.

ಈ ಸಂಖ್ಯೆ ಏಕೆ ಮುಖ್ಯವೆಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. 5 ಕೆ.ಜಿ. ರಾಗಿಯಲ್ಲಿ ಅಂದಾಜು 18 ಲಕ್ಷ ಕಾಳುಗಳಿರುತ್ತವೆ. 200 ಗ್ರಾಂ ಪುಡಿಯಲ್ಲಿ ನಿಯಮದಂತೆ 1,000 ಕೋಟಿ ಕೋಶಗಳಿದ್ದರೆ ಒಂದೊಂದು ಕಾಳಿನ ಪಾಲಿಗೆ ಐದು ಸಾವಿರಕ್ಕೂ ಹೆಚ್ಚು ಬರುತ್ತವೆ. ಅದೇ ಪೊಟ್ಟಣ ಬಿಸಿಲಿನಲ್ಲಿ ಬೆಂದು ಗ್ರಾಂಗೆ ಹತ್ತು ಸಾವಿರ ಕೋಶಗಳಷ್ಟೇ ಉಳಿದಿದ್ದರೆ ಕಾಳಿಗೆ ಒಂದು ದಕ್ಕುವುದೂ ಕಷ್ಟ. ಪುಡಿಯ ಬಣ್ಣವಾಗಲಿ ವಾಸನೆಯಾಗಲಿ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. "ಹಾಕಿದರೂ ಏನೂ ಆಗಲಿಲ್ಲ" ಎನ್ನುವವರ ಪೈಕಿ ಬಹಳ ಮಂದಿ, ನನ್ನ ಅನುಮಾನದ ಪ್ರಕಾರ, ಬ್ಯಾಕ್ಟೀರಿಯಾ ಸತ್ತು, ಅದನ್ನು ಬೆರೆಸಿದ್ದ ಇದ್ದಿಲ ಪುಡಿ ಮಾತ್ರ ಉಳಿದದ್ದನ್ನೇ ಬೀಜಕ್ಕೆ ಹಚ್ಚಿರುತ್ತಾರೆ.

ಆದ್ದರಿಂದ ಕೊಳ್ಳುವಾಗ ಬ್ಯಾಕ್ಟೀರಿಯಾದ ಹೆಸರು, ಯಾವ ಬೆಳೆಗೆ, ಕೋಶಗಳ ಸಂಖ್ಯೆ, ತಯಾರಿಸಿದ ದಿನಾಂಕ, ಅವಧಿ ಮುಗಿಯುವ ದಿನಾಂಕ, ತಯಾರಕರ ವಿಳಾಸ ಇವಿಷ್ಟನ್ನೂ ನೋಡಿ. ಪುಡಿ ರೂಪದ್ದು ಸಾಮಾನ್ಯವಾಗಿ ಆರು ತಿಂಗಳು ಬಾಳುತ್ತದೆ, ದ್ರವ ರೂಪದ್ದು ಅದಕ್ಕಿಂತ ಹೆಚ್ಚು. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳಲ್ಲಿ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮತ್ತು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ. ತರಕಾರಿ ಬೆಳೆಗಾರರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಅನ್ನು ಕೇಳಬಹುದು. ಸಾರಜನಕ ಹಿಡಿಯುವ, ರಂಜಕ ಮತ್ತು ಸತುವು ಕರಗಿಸುವ, ಬೆಳವಣಿಗೆಗೆ ಚೋದನೆ ಕೊಡುವ ಸೂಕ್ಷ್ಮಾಣುಗಳು ಅದರಲ್ಲಿ ಒಟ್ಟಿಗಿವೆ.

ಎಚ್ಚರಿಕೆ: ಕೆಲವು ಲೇಬಲ್‌ಗಳಲ್ಲಿ "ಹೆಚ್ಚು ಐ.ಎ.ಎ. ಉತ್ಪಾದಿಸುವ ತಳಿ" ಎಂಬ ಸಾಲು ಇರುತ್ತದೆ. ಐ.ಎ.ಎ. ಎಂದರೆ ಮೇಲೆ ಹೇಳಿದ ಇಂಡೋಲ್ ಅಸಿಟಿಕ್ ಆಮ್ಲವೇ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆದ ದ್ರವಕ್ಕೆ ಸಾಲ್ಕೋವ್ಸ್ಕಿ ದ್ರಾವಣ ಬೆರೆಸಿ, ಮೂಡುವ ಗುಲಾಬಿ ಬಣ್ಣದ ಗಾಢತೆಯಿಂದ ಇದನ್ನು ಅಳೆಯುತ್ತಾರೆ. ಆದರೆ ಅಲ್ಲಿ ಸಾಮಾನ್ಯವಾಗಿ ಟ್ರಿಪ್ಟೋಫ್ಯಾನ್ ಅನ್ನು ಕೈಯಾರೆ ಬೆರೆಸಿ ಬೆಳೆಸಿರುತ್ತಾರೆ. ಹೊಲದಲ್ಲಿ ಬೇರು ಜಿನುಗಿಸಿದಷ್ಟೇ ಸಿಗುತ್ತದೆ. ಆ ಸಾಲನ್ನು ನೋಡಿ ಹೆಚ್ಚು ಬೆಲೆ ಕೊಡಬೇಡಿ.

ಹಂತ 2: ಮನೆಗೆ ತಂದು ಇಡುವುದು

ಬಸ್ಸಿನ ಮೇಲಿನ ಸಾಮಾನುಗಳ ಜೊತೆಗೋ ಬೈಕಿನ ಪೆಟ್ಟಿಗೆಯಲ್ಲೋ ಮಧ್ಯಾಹ್ನದ ಬಿಸಿಲಿನಲ್ಲಿ ತರಬೇಡಿ. ಮನೆಯಲ್ಲಿ ತಂಪಾದ, ನೆರಳಿರುವ ಮೂಲೆಯಲ್ಲಿ, ರಸಗೊಬ್ಬರ ಮತ್ತು ಔಷಧದ ಡಬ್ಬಿಗಳಿಂದ ದೂರ ಇಡಿ. ಬಿತ್ತುವ ವಾರದಲ್ಲೇ ತಂದರೆ ಈ ಚಿಂತೆ ಇರುವುದಿಲ್ಲ.

ಹಂತ 3: ಮಣ್ಣನ್ನು ಸಜ್ಜುಗೊಳಿಸುವುದು

ಬ್ಯಾಕ್ಟೀರಿಯಾಕ್ಕೆ ಬೇರು ಊಟ ಬಡಿಸಲು ಶುರುಮಾಡುವ ತನಕ ಮಣ್ಣಿನ ಸಾವಯವ ಅಂಶವೇ ಆಧಾರ. ನಿಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ, ಕೊಟ್ಟಿಗೆ ಗೊಬ್ಬರ ಹಾಕದೆ ಪೊಟ್ಟಣವೊಂದನ್ನೇ ನಂಬುವುದು ವ್ಯರ್ಥ. ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆ, ತಟಸ್ಥದ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಮಲೆನಾಡಿನ ಹುಳಿ ಮಣ್ಣಿಗೆ ಶಿಫಾರಸಿನಂತೆ ಸುಣ್ಣ ಕೊಟ್ಟು ಕೆಲವು ವಾರ ಕಳೆದ ಮೇಲೆ ಬಳಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಹದ. ಉಪಚರಿಸಿದ ಬೀಜವನ್ನು ಒಣ ಮಣ್ಣಿಗೆ ಬಿತ್ತಿ ಮಳೆಗೆ ಕಾಯುವುದೆಂದರೆ ಕಾಳು ಕಾಯುತ್ತದೆ, ಬ್ಯಾಕ್ಟೀರಿಯಾ ಕಾಯುವುದಿಲ್ಲ.

ಹಂತ 4: ಬೀಜೋಪಚಾರ

ಬಿತ್ತುವ ದಿನದ ಬೆಳಿಗ್ಗೆ ಅಥವಾ ಹಿಂದಿನ ದಿನ ಸಂಜೆ ಈ ಕೆಲಸ ಮಾಡಿಕೊಳ್ಳಿ.

1. ಕಾಲು ಲೀಟರ್ ನೀರಿಗೆ 25 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಲು ಬಿಡಿ. ಬೆರಳದ್ದಿದರೆ ಬೆಚ್ಚಗೂ ಇರಬಾರದು. ಬೆಲ್ಲದ ಅಂಟು ಪುಡಿಯನ್ನು ಕಾಳಿಗೆ ಹಿಡಿಸುತ್ತದೆ, ಮೊದಲ ಕೆಲವು ಗಂಟೆಗಳಿಗೆ ಬ್ಯಾಕ್ಟೀರಿಯಾಕ್ಕೆ ಆಹಾರವೂ ಆಗುತ್ತದೆ.

2. ಆರಿದ ಬೆಲ್ಲದ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿಕೊಳ್ಳಿ.

3. ಬೋಗುಣಿಯಲ್ಲಿ ಬೀಜ ಹರಡಿ, ಈ ಸರಿಯನ್ನು ಚಿಮುಕಿಸುತ್ತಾ ಕೈಯಿಂದ ಹಗುರವಾಗಿ ಹೊರಳಿಸಿ. ರಾಗಿಯಲ್ಲಿ ಜನ ಎಡವುವುದು ಇಲ್ಲಿಯೇ. ಕಾಳು ಸಣ್ಣದು, ಕಲಸಿದ ಸರಿಯನ್ನು ಒಮ್ಮೆಲೇ ಸುರಿದರೆ ಉಂಡೆ ಕಟ್ಟುತ್ತದೆ. ಉಂಡೆ ಕಟ್ಟಿದ ಬೀಜ ಕೂರಿಗೆಯ ಕೊಳವೆಯಲ್ಲಿ ಸಿಕ್ಕಿಕೊಂಡು ಸಾಲು ಬಿಟ್ಟುಹೋಗುತ್ತದೆ. ಮುಕ್ಕಾಲು ಪಾಲು ಸರಿ ಮುಗಿಯುವಷ್ಟರಲ್ಲಿ ಎಲ್ಲ ಕಾಳಿಗೂ ತೆಳುವಾದ ಕಪ್ಪು ಲೇಪ ಕೂತಿದ್ದರೆ ಅಲ್ಲಿಗೇ ನಿಲ್ಲಿಸಿ. ಉಳಿದದ್ದನ್ನು ಗೊಬ್ಬರಕ್ಕೆ ಬೆರೆಸಿಕೊಳ್ಳಿ.

4. ಗೋಣಿತಾಟಿನ ಮೇಲೆ ತೆಳುವಾಗಿ ಹರಡಿ ನೆರಳಿನಲ್ಲಿ ಅರ್ಧ ಗಂಟೆ ಆರಿಸಿ. ಅಂಗೈಯಲ್ಲಿ ಹಿಡಿದು ಬಿಟ್ಟಾಗ ಕಾಳುಗಳು ಬಿಡಿಬಿಡಿಯಾಗಿ ಜಾರಿದರೆ ಬಿತ್ತನೆಗೆ ಸಿದ್ಧ. ಬೇಗ ಆರಲಿ ಎಂದು ನಾನೇ ಒಂದು ವರ್ಷ ಇದನ್ನು ತಾರಸಿಯ ಮೇಲೆ ಬಿಸಿಲಿಗೆ ಹಾಕಿದ್ದೆ; ಆ ಬೀಜ ಬಿತ್ತಿದ ಪಟ್ಟಿಗೂ ಉಪಚರಿಸದ ಪಟ್ಟಿಗೂ ಆಮೇಲೆ ಯಾವ ಭೇದವೂ ಕಾಣಲಿಲ್ಲ.

ಈ ಹಂತದಲ್ಲಿ ಮೂರು ಎಚ್ಚರಿಕೆಗಳಿವೆ. ಮೊದಲನೆಯದು, ಹೆಚ್ಚು ಹಾಕಿದರೆ ಹೆಚ್ಚು ಲಾಭ ಎಂಬ ಲೆಕ್ಕ ಹಾರ್ಮೋನಿನ ವಿಷಯದಲ್ಲಿ ತಲೆಕೆಳಗಾಗುತ್ತದೆ. ಆಕ್ಸಿನ್ ಅತ್ಯಲ್ಪ ಪ್ರಮಾಣದಲ್ಲಿ ಬೇರಿಗೆ ಚೋದನೆ ಕೊಡುತ್ತದೆ, ಮಿತಿ ಮೀರಿದರೆ ಅದೇ ಬೇರನ್ನು ತಡೆಯುತ್ತದೆ. ಕಳೆನಾಶಕವಾಗಿ ಬಳಸುವ 2,4-ಡಿ ಕೃತಕ ಆಕ್ಸಿನ್ ಎಂಬುದನ್ನು ನೆನೆದರೆ ಈ ಮಾತು ಮನದಟ್ಟಾಗುತ್ತದೆ. ಅಜೋಸ್ಪಿರಿಲಮ್ ಕೋಶಗಳನ್ನು ವಿಪರೀತ ಸಂಖ್ಯೆಯಲ್ಲಿ ಸಸಿಗಳಿಗೆ ಕೊಟ್ಟಾಗ ಬೇರು ಗಿಡ್ಡವಾದದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಶಿಫಾರಸಿನ ಅಳತೆಯನ್ನು ಮೀರಬೇಡಿ.

ಎರಡನೆಯದು, ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಕ್ರಮ ಹೀಗಿರಲಿ: ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕಟ್ಟಕಡೆಗೆ ಬ್ಯಾಕ್ಟೀರಿಯಾ. ಥೈರಮ್ ಮತ್ತು ತಾಮ್ರಯುಕ್ತ ಔಷಧಗಳ ಪಕ್ಕದಲ್ಲಿ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಕೆಂಪು ಅಥವಾ ಗುಲಾಬಿ ಬಣ್ಣ ಹಚ್ಚಿದ ಪ್ರಮಾಣಿತ ಬೀಜ ನಿಮ್ಮ ಕೈ ಸೇರಿದ್ದರೆ ಅದಕ್ಕೆ ಈಗಾಗಲೇ ಔಷಧ ಹತ್ತಿದೆ ಎಂದೇ ತಿಳಿದು, ಬ್ಯಾಕ್ಟೀರಿಯಾವನ್ನು ಬೀಜಕ್ಕೆ ಬದಲು ಮಣ್ಣಿಗೆ ಕೊಡಿ.

ಮೂರನೆಯದು, ಯೂರಿಯಾ, ಡಿ.ಎ.ಪಿ., ಪೊಟ್ಯಾಷ್ ಯಾವುದನ್ನೂ ಈ ಪುಡಿಯೊಡನೆ ಒಂದೇ ಬುಟ್ಟಿಯಲ್ಲಿ ಕಲಸಬೇಡಿ. ಉಪ್ಪಿನ ಸಾಂದ್ರತೆಯೇ ಕೋಶಗಳ ನೀರನ್ನು ಹೀರಿ ಕೊಲ್ಲುತ್ತದೆ. ಗೊಬ್ಬರವನ್ನು ಬಿತ್ತನೆಯ ಸಾಲಿನಿಂದ ಸ್ವಲ್ಪ ದೂರಕ್ಕೆ, ಬೀಜಕ್ಕಿಂತ ಆಳಕ್ಕೆ ಕೊಡುವುದರಲ್ಲಿ ತೊಂದರೆಯಿಲ್ಲ. ಮೇಲುಗೊಬ್ಬರವನ್ನು ಎಂದಿನಂತೆ ಕೊಡಿ. ಕನಿಷ್ಠ ಮೊದಲ ವರ್ಷ ಅದರಲ್ಲಿ ಕಡಿತ ಮಾಡಬೇಡಿ.

ಹಂತ 5: ಒಟ್ಲಿನಿಂದ ನಾಟಿ ಮಾಡುವವರಿಗೆ

ಪೈರು ನಾಟಿ ಮಾಡುವವರಿಗೆ ಬೇರು ಅದ್ದುವುದೇ ಉತ್ತಮ, ಏಕೆಂದರೆ ಬ್ಯಾಕ್ಟೀರಿಯಾ ನೇರವಾಗಿ ಬೇರಿಗೇ ತಾಗುತ್ತದೆ. 10 ಲೀಟರ್ ನೀರಿಗೆ 200 ಗ್ರಾಂ ಪುಡಿಯಂತೆ ಕದಡಿಕೊಂಡು, ಕಿತ್ತ ಪೈರಿನ ಕಟ್ಟುಗಳನ್ನು ಬೇರು ಮುಳುಗುವಂತೆ 15ರಿಂದ 20 ನಿಮಿಷ ಇಡಿ. ಪುಡಿ ತಳಕ್ಕೆ ಇಳಿಯುವುದರಿಂದ ಪ್ರತಿ ಕಟ್ಟಿಗೂ ಒಮ್ಮೆ ಕೈಯಾಡಿಸಿ. ತೊಟ್ಟಿಯನ್ನು ಹೊಲದ ಬದುವಿನ ಮರದ ನೆರಳಿನಲ್ಲಿಟ್ಟು, ಅದ್ದಿದ ಪೈರನ್ನು ತಡಮಾಡದೆ ನಾಟಿ ಮಾಡಿಸಿ. ಮೆಣಸಿನಕಾಯಿ, ಟೊಮೆಟೊ ಸಸಿಗಳಿಗೂ ಇದೇ ಕ್ರಮ. ಔಷಧ ಸಿಂಪಡಿಸಿದ ಕ್ಯಾನನ್ನು ಎಷ್ಟೇ ತೊಳೆದಿದ್ದರೂ ಇದಕ್ಕೆ ಬಳಸಬೇಡಿ.

ಹಂತ 6: ಮಣ್ಣಿಗೆ ಕೊಡುವುದು

2 ಕೆ.ಜಿ. ಪುಡಿಯನ್ನು ಜರಡಿ ಹಿಡಿದ 100 ಕೆ.ಜಿ. ಹಳೆಯ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಕೈಯಲ್ಲಿ ಹಿಂಡಿದರೆ ಉಂಡೆಯಾಗುವ ಆದರೆ ನೀರು ತೊಟ್ಟಿಕ್ಕದ ಹದಕ್ಕೆ ನೀರು ಚಿಮುಕಿಸಿ, ನೆರಳಿನಲ್ಲಿ ರಾಶಿ ಹಾಕಿ ಒದ್ದೆ ಗೋಣಿಚೀಲ ಮುಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಸಂಜೆ ಬಿತ್ತನೆಯ ಸಾಲಿನಲ್ಲಿ ಉದುರಿಸಿ ಮಣ್ಣು ಮುಚ್ಚಿ. ಗೊಬ್ಬರ ಕೈಗೆ ಬಿಸಿ ತಾಗುವಂತಿದ್ದರೆ ಅದಿನ್ನೂ ಕಳಿತಿಲ್ಲ, ಅದಕ್ಕೆ ಬೆರೆಸಬೇಡಿ.

ಜೀವಾಮೃತ, ಬೀಜಾಮೃತ ಸಾಲದೇ ಎಂದು ಕೇಳುವವರಿಗೆ

ಬೀಜಾಮೃತದಲ್ಲಿ ಹಾರ್ಮೋನು ತಯಾರಿಸುವ ಬ್ಯಾಕ್ಟೀರಿಯಾ ಇರುವುದು ಬರಿಯ ನಂಬಿಕೆಯಲ್ಲ. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀಜಾಮೃತದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಗಳು ಆಕ್ಸಿನ್ ಮತ್ತು ಜಿಬ್ಬರೆಲಿಕ್ ಆಮ್ಲ ತಯಾರಿಸಬಲ್ಲವೆಂದು ಕಂಡುಕೊಂಡಿದ್ದಾರೆ. ಆದರೆ ನಿಮ್ಮ ಮನೆಯ ತೊಟ್ಟಿಯಲ್ಲಿ ಯಾವುದು ಎಷ್ಟಿದೆಯೆಂಬುದು ಸಗಣಿ, ನೀರು, ದಿನಗಳ ಲೆಕ್ಕದ ಮೇಲೆ ಪ್ರತಿ ಸಲವೂ ಬದಲಾಗುತ್ತದೆ. ಮಾಡಿಕೊಂಡು ಬಂದವರು ಬಿಡಬೇಕಾಗಿಲ್ಲ. ಬೀಜಾಮೃತದಲ್ಲಿ ಸುಣ್ಣ ಇರುವುದರಿಂದ ಅದನ್ನೂ ಅಜೋಸ್ಪಿರಿಲಮ್ ಸರಿಯನ್ನೂ ಒಂದೇ ಪಾತ್ರೆಯಲ್ಲಿ ಮಾತ್ರ ಕಲಸಬೇಡಿ.

ಬಾಟಲಿಯಲ್ಲಿ ಬರುವ ಹಾರ್ಮೋನು ಬೇರೆಯೇ ವಸ್ತು. ವಿಜಯಪುರದ ದ್ರಾಕ್ಷಿ ಬೆಳೆಗಾರರು "ಜಿ.ಎ." ಎಂದು ಗೊಂಚಲಿಗೆ ಕೊಡುವುದು ಶುದ್ಧೀಕರಿಸಿದ ಜಿಬ್ಬರೆಲಿಕ್ ಆಮ್ಲ. ಅದನ್ನು ಶಿಲೀಂಧ್ರದಿಂದ ತಯಾರಿಸುತ್ತಾರೆ. ಅದರ ಅಳತೆ, ಕಾಲ, ಅಪಾಯಗಳ ಲೆಕ್ಕಾಚಾರವೇ ಬೇರೆಯಾದ್ದರಿಂದ ಇಲ್ಲಿ ಹೇಳಿದ ಯಾವುದನ್ನೂ ಅದಕ್ಕೆ ಅನ್ವಯಿಸಬೇಡಿ.

ಹಂತ 7: ಫಲ ಸಿಕ್ಕಿತೇ ಎಂದು ನೋಡುವುದು

ಮೊದಲು ನಿರೀಕ್ಷೆಯನ್ನು ಹಿಡಿತದಲ್ಲಿಟ್ಟುಕೊಳ್ಳಿ. ಜಗತ್ತಿನ ನಾನಾ ಕಡೆ 20 ವರ್ಷ ನಡೆದ ಅಜೋಸ್ಪಿರಿಲಮ್ ಹೊಲ-ಪ್ರಯೋಗಗಳನ್ನು 1994ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಶೇ. 60ರಿಂದ 70ರಷ್ಟು ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿತ್ತು, ಹೆಚ್ಚಳ ಶೇ. 5ರಿಂದ 30ರಷ್ಟಿತ್ತು. ಅಂದರೆ ಮೂರರಲ್ಲಿ ಒಂದು ಕಡೆ ಏನೂ ಆಗಿರಲಿಲ್ಲ. ನಿಮ್ಮ ಹೊಲ ಯಾವ ಗುಂಪಿಗೆ ಸೇರುತ್ತದೆಂದು ತಿಳಿಯಲು ಉಪಚರಿಸದ ಬೀಜವನ್ನು ನಾಲ್ಕೈದು ಸಾಲು ಬಿತ್ತಿಡುವುದು ಒಂದೇ ದಾರಿ. ಆ ಸಾಲುಗಳನ್ನು ಮೊದಲು ಬಿತ್ತಿ, ಉಪಚರಿಸಿದ ಬೀಜವನ್ನು ಆಮೇಲೆ ಕೂರಿಗೆಗೆ ಹಾಕಿ. ಕ್ರಮ ತಿರುಗಿಸಿದರೆ ಕೊಳವೆಯಲ್ಲಿ ಉಳಿದ ಪುಡಿ ಹೋಲಿಕೆಯನ್ನೇ ಕೆಡಿಸುತ್ತದೆ.

ಬಿತ್ತಿದ 20ರಿಂದ 25 ದಿನಕ್ಕೆ, ಮಣ್ಣು ತೇವವಿದ್ದಾಗ, ಎರಡೂ ಕಡೆಯಿಂದ ಹತ್ತು ಹತ್ತು ಪೈರನ್ನು ಗುದ್ದಲಿಯಿಂದ ಹೆಂಟೆಸಮೇತ ಎತ್ತಿ. ಕೈಯಿಂದ ಎಳೆದು ಕೀಳಬೇಡಿ, ನೋಡಬೇಕಾದ ಸಣ್ಣ ಬೇರುಗಳೇ ಹರಿದು ಮಣ್ಣಿನಲ್ಲಿ ಉಳಿಯುತ್ತವೆ. ಮೊದಲು ಮೆಲ್ಲಗೆ ಕೊಡವಿ: ಬೇರುಗೂದಲು ದಟ್ಟವಾಗಿದ್ದರೆ ಮಣ್ಣು ಬೇರಿನ ಸುತ್ತ ಒರೆಯಂತೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆದು, ನೀರು ತುಂಬಿದ ಬಿಳಿ ತಟ್ಟೆಯಲ್ಲಿ ಬೇರನ್ನು ಹರಡಿಬಿಡಿ. ಉಪಚಾರ ಹತ್ತಿದ ಪೈರಿನಲ್ಲಿ ಮುಖ್ಯ ಬೇರುಗಳು ಉದ್ದವಾಗಿರಲೇಬೇಕೆಂದಿಲ್ಲ, ಕೆಲವೊಮ್ಮೆ ತುಸು ಗಿಡ್ಡವೇ ಇರಬಹುದು; ಆದರೆ ಅವುಗಳಿಂದ ಹೊರಟ ಪಕ್ಕಬೇರುಗಳು ಒತ್ತೊತ್ತಾಗಿ ಮೊರದ ಕಡ್ಡಿಗಳಂತೆ ಕಾಣುತ್ತವೆ. ಎಲೆಯ ಹಸಿರನ್ನು ನೋಡಿ ತೀರ್ಮಾನಿಸಬೇಡಿ, ಅದು ಯೂರಿಯಾದ ಕೆಲಸವೂ ಇರಬಹುದು. ತೆಂಡೆಗಳ ಎಣಿಕೆಯನ್ನು ಇನ್ನೊಂದು ತಿಂಗಳ ನಂತರ, ಒಕ್ಕಣೆಯ ತೂಕವನ್ನು ಕೊನೆಗೆ, ಎರಡೂ ಕಡೆ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಬಿತ್ತನೆಗೆ ಮೊದಲೇ ಪೊಟ್ಟಣವನ್ನು ಪರೀಕ್ಷಿಸಬೇಕೆನ್ನುವವರಿಗೆ ಮನೆಯಲ್ಲೇ ಮಾಡಬಹುದಾದ ಒಂದು ಉಪಾಯವಿದೆ. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕದಡಿ ಎರಡು ಪಾಲು ಮಾಡಿ, ಒಂದು ಪಾಲನ್ನು 20 ನಿಮಿಷ ಕುದಿಸಿ ಆರಿಸಿ. ಒಂದೇ ಬಗೆಯ ಮಣ್ಣು ತುಂಬಿದ ಎರಡು ತಟ್ಟೆಗಳಲ್ಲಿ ರಾಗಿ ಬಿತ್ತಿ, ಒಂದಕ್ಕೆ ಹಸಿ ನೀರು, ಇನ್ನೊಂದಕ್ಕೆ ಕುದಿಸಿದ ನೀರು ಸಮಪ್ರಮಾಣದಲ್ಲಿ ಹನಿಸಿ. ಮೂರು ವಾರದ ಮೇಲೆ ಎರಡರ ಬೇರನ್ನೂ ತೊಳೆದು ನೋಡಿ. ಎರಡರಲ್ಲೂ ಅದೇ ಇದ್ದಿಲು, ಅದೇ ಪೋಷಕಾಂಶ ಇರುವುದರಿಂದ, ಭೇದ ಕಂಡರೆ ಅದು ಬಹುಮಟ್ಟಿಗೆ ಜೀವಂತ ಕೋಶಗಳದ್ದೇ. ಭೇದ ಕಾಣದಿದ್ದರೆ ಆ ಒಂದೇ ಕಾರಣಕ್ಕೆ ಪೊಟ್ಟಣ ಸತ್ತಿದೆ ಎನ್ನಲಾಗದು, ಆದರೆ ಅನುಮಾನಕ್ಕೆ ಆಸ್ಪದವಿದೆ. ಬ್ಯಾಸಿಲಸ್ ಪೊಟ್ಟಣಗಳಿಗೆ ಈ ಪರೀಕ್ಷೆ ಸಲ್ಲದು. ಆ ಬ್ಯಾಕ್ಟೀರಿಯಾ ಕಟ್ಟುವ ಗಟ್ಟಿ ಬೀಜಕಣಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯಬಲ್ಲವು.

ಒಮ್ಮೆ ಹಾಕಿದರೆ ಮಣ್ಣಿನಲ್ಲಿ ಶಾಶ್ವತವಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯೂ ಆಗಾಗ ಬರುತ್ತದೆ. ಕೊಯ್ಲಾಗಿ ಬೇರು ಒಣಗಿದ ಮೇಲೆ, ಬೇಸಿಗೆಯ ಬರಿ ಹೊಲದಲ್ಲಿ, ಸ್ಥಳೀಯ ಸೂಕ್ಷ್ಮಾಣುಗಳ ಪೈಪೋಟಿಯ ನಡುವೆ ಇದರ ಸಂಖ್ಯೆ ವೇಗವಾಗಿ ಇಳಿದುಬಿಡುತ್ತದೆ. ಆದ್ದರಿಂದ ಮುಂದಿನ ಹಂಗಾಮಿಗೆ ಹೊಸ ಪೊಟ್ಟಣವನ್ನೇ ತರಬೇಕು. ಈ ವರ್ಷ ಒಡೆದು ಅರ್ಧ ಉಳಿಸಿದ ಪುಡಿಯನ್ನು ತಿಪ್ಪೆಗೆ ಹಾಕಿಬಿಡಿ.